ದಾಂಡೇಲಿ ಜಾಗ ಬದಲಿಸಿದಾಗ ಮಾತೆಲ್ಲ ಎಲ್ಲಿಗೆ ಹೋಯಿತು?

ಪ್ರಶ್ನೆ: ನಾನು ಕಾರವಾರ ತಾಲೂಕಿನ ಹಳ್ಳಿ ಶಾಲೆಯೊಂದರಲ್ಲಿ ಅಕ್ಕೋರು. ಮಕ್ಕಳು ಮತ್ತು ಹಳೆ ವಿದ್ಯಾರ್ಥಿಗಳು ಸೇರಿ ನಮ್ಮ ಜಿಲ್ಲೆಯ ಊರಿನ ಹೆಸರುಗಳನ್ನು ಕೂಡಿಹಾಕುತ್ತಿದ್ದೇವೆ. ಜಿಲ್ಲೆ, ತಾಲೂಕು, ಹೋಬಳಿ, ಗ್ರಾಮ, ಅದರೊಳಗಿನ ಕೇರಿ ಅಥವಾ ಮಜರೆ, ಹೀಗೆ ಐದು ಹಂತ. ಈಗ ಸುಮಾರು 6,400 ಹೆಸರು ಸೇರಿವೆ. ಪ್ರತಿ ಊರಿನ ಕೆಳಗೆ ಯಾರು ಬೇಕಾದರೂ ಹೆಸರಿನ ಕಥೆ ಬರೆಯಬಹುದು, ಬರೆದವರಿಗೆ ಉತ್ತರ ಕೊಡಬಹುದು. ಹಳೆ ವಿದ್ಯಾರ್ಥಿಯೊಬ್ಬ ಇದನ್ನು ವೆಬ್ ಆ್ಯಪ್ ಮಾಡಿಕೊಟ್ಟಿದ್ದಾನೆ. ಈಗ ಮೂರು ತೊಂದರೆ. ಮೊಬೈಲಿನಲ್ಲಿ ಪುಟ ತೆರೆಯಲು ಅರ್ಧ ನಿಮಿಷ ಬೇಕು. ದಾಂಡೇಲಿಯನ್ನು ಹಳಿಯಾಳದಿಂದ ತೆಗೆದು ಬೇರೆ ತಾಲೂಕು ಎಂದು ಬದಲಿಸಿದ ಕೂಡಲೇ ಅಲ್ಲಿನ ಮಾತೆಲ್ಲ ಕಾಣೆಯಾಯಿತು. ಇನ್ನೊಂದು, ಯಾವುದೋ ಕೇರಿಯಲ್ಲಿ ಒಳ್ಳೆ ಚರ್ಚೆ ನಡೆದರೂ ತಾಲೂಕಿನ ಪುಟ ನೋಡುವವರಿಗೆ ಅದು ಗೊತ್ತೇ ಆಗುವುದಿಲ್ಲ. ಏನು ಮಾಡಬೇಕು?

ಉತ್ತರ: ಅಕ್ಕೋರೇ, ಮೊದಲು ದಾಂಡೇಲಿಯ ವಿಷಯ. ಗಾಬರಿ ಬೇಡ, ಮಾತು ಹೆಚ್ಚಾಗಿ ಅಳಿಸಿಹೋಗಿರುವುದಿಲ್ಲ. ಡೇಟಾಬೇಸಿನಲ್ಲಿ ಅದು ಇದ್ದಲ್ಲೇ ಇರುತ್ತದೆ, ಅದನ್ನು ಕರೆಯುವ ಹೆಸರು ಮಾತ್ರ ತಪ್ಪಿಹೋಗಿದೆ. ನಿಮ್ಮ ಹುಡುಗ ಪ್ರತಿ ಮಾತಿನ ಜೊತೆ ಊರಿನ ಪೂರ್ತಿ ದಾರಿಯನ್ನು ಬರೆದಿಟ್ಟಿರಬೇಕು. ‘ಉತ್ತರ ಕನ್ನಡ / ಹಳಿಯಾಳ / ದಾಂಡೇಲಿ’ ಅಂತ. ಮೊದಲ ಸಲ ಇಂಥದ್ದು ಬರೆಯುವ ಎಲ್ಲರಿಗೂ ಹೊಳೆಯುವ ದಾರಿ ಇದೇ, ಕಂಪ್ಯೂಟರಿನ ಫೋಲ್ಡರ್ ಇದ್ದ ಹಾಗೆ. ಊರಿನ ಜಾಗ ಬದಲಾದ ದಿನ ಆ ದಾರಿಯೂ ಬದಲಾಗುತ್ತದೆ. ಹಳೆ ಮಾತುಗಳು ಮಾತ್ರ ಈಗಿಲ್ಲದ ವಿಳಾಸಕ್ಕೆ ಬಂದ ಕಾಗದದಂತೆ ಬಿದ್ದಿರುತ್ತವೆ.

ಇದನ್ನು ಇಷ್ಟು ಖಾತ್ರಿಯಾಗಿ ಹೇಳಲು ಕಾರಣ, ನಾನೂ ಇದೇ ತಪ್ಪು ಮಾಡಿದವನು. ಸುಮಾರು ವರ್ಷದ ಹಿಂದೆ ಶಿರಸಿ ಕಡೆಯ ಒಂದು ದೊಡ್ಡ ಕುಟುಂಬಕ್ಕೆ ವಂಶಾವಳಿಯ ಪುಟ ಮಾಡಿಕೊಟ್ಟಿದ್ದೆ. ಒಬ್ಬರ ಹೆಸರಿನ ಕೆಳಗೆ ಅವರ ನೆನಪು ಬರೆಯುವ ಜಾಗ ಇತ್ತು. ಚೌತಿಗೆ ಎಲ್ಲರೂ ಸೇರಿದಾಗ ಒಬ್ಬ ಹಿರಿಯರು, ‘ಈ ಅಜ್ಜ ಆ ಮನೆಯ ಮಗ ಅಲ್ಲ, ದತ್ತು ಬಂದವ’ ಎಂದರು. ಸರಿ ಎಂದು ಅಲ್ಲೇ ಕೂತು ಅಜ್ಜನನ್ನು ಬೇರೆ ಕವಲಿಗೆ ಹಾಕಿದೆ. ಅಜ್ಜನ ಕೆಳಗಿದ್ದ ನಾಲ್ಕು ತಲೆಮಾರಿನ ಮಾತು ಎಲ್ಲರ ಕಣ್ಣೆದುರೇ ಖಾಲಿಯಾಯಿತು. ಮನೆಯವರು ಸೌಜನ್ಯಕ್ಕೆ ಏನೂ ಅನ್ನಲಿಲ್ಲ. ಕಡಬು ಮಾತ್ರ ಗಂಟಲಲ್ಲಿ ಇಳಿಯಲಿಲ್ಲ.

ಅವತ್ತಿನಿಂದ ನಾನು ಪಾಲಿಸುವ ನಿಯಮ ಒಂದೇ. ಊರಿಗೆ ಒಂದು ನಂಬರ್ ಕೊಡಿ, ಮಾತನ್ನು ಆ ನಂಬರಿಗೆ ಕಟ್ಟಿ. ಊರು ಯಾರ ಕೆಳಗಿದೆ ಎನ್ನುವುದು ಬೇರೆ ವಿಷಯ, ಅದು ಬದಲಾಗುತ್ತಲೇ ಇರುತ್ತದೆ. ನಂಬರ್ ಬದಲಾಗಬಾರದು.

ಬರೆದಿಡುವುದು ಹೀಗೆ:

412, ದಾಂಡೇಲಿ, ಪಟ್ಟಣ, ಮೇಲಿನದು 7
7, ಹಳಿಯಾಳ, ತಾಲೂಕು, ಮೇಲಿನದು 1
1, ಉತ್ತರ ಕನ್ನಡ, ಜಿಲ್ಲೆ, ಮೇಲಿನದು ಇಲ್ಲ

ನಡುವಿನ ಹೋಬಳಿಯನ್ನು ಬಿಟ್ಟು ತೋರಿಸಿದ್ದೇನೆ, ಸಾಲು ಚಿಕ್ಕದಿರಲಿ ಅಂತ. ‘ಮೇಲಿನದು’ ಎನ್ನುವ ಕಾಲಮ್ಮಿಗೆ ಕೋಡ್ ಬರೆಯುವವರು ಪೇರೆಂಟ್ ಐಡಿ ಅನ್ನುತ್ತಾರೆ. ಮಾತಿನ ಟೇಬಲ್ಲಿನಲ್ಲಿ, ಅಂದರೆ ಮಾತುಗಳನ್ನು ಸಾಲು ಸಾಲಾಗಿ ಇಡುವ ಕೋಷ್ಟಕದಲ್ಲಿ, ‘412’ ಎಂದಷ್ಟೇ ಇರಬೇಕು. ದಾಂಡೇಲಿ ಹಳಿಯಾಳದ ಕೆಳಗಿರಲಿ, ಬೇರೆ ಕಡೆ ಹೋಗಲಿ, 412ರ ಮಾತು 412ಕ್ಕೇ ಅಂಟಿಕೊಂಡಿರುತ್ತದೆ.

ನಿಮ್ಮ ಪ್ರಶ್ನೆಯಲ್ಲಿ ಇನ್ನೊಂದು ಸಣ್ಣ ಎಡವಟ್ಟು ಕಾಣುತ್ತದೆ. ದಾಂಡೇಲಿ ಪಟ್ಟಣವನ್ನೇ ತಾಲೂಕು ಮಾಡಿಬಿಟ್ಟಿದ್ದೀರಿ. ಹಾಗೆ ಮಾಡಬೇಡಿ. ಹೊಸ ತಾಲೂಕಿಗೆ ಹೊಸ ನಂಬರ್ ಕೊಡಿ, 6401 ಅಂತಿಟ್ಟುಕೊಳ್ಳಿ. 412ರ ‘ಮೇಲಿನದು’ 7 ಇದ್ದದ್ದನ್ನು 6401 ಮಾಡಿ. ಪಟ್ಟಣ ಬೇರೆ, ತಾಲೂಕು ಬೇರೆ. ಹೆಸರು ಒಂದೇ ಇದ್ದ ಮಾತ್ರಕ್ಕೆ ಎರಡೂ ಒಂದೇ ಅಲ್ಲ. ಶಿರಸಿಯನ್ನೇ ನೋಡಿ: ತಾಲೂಕೂ ಶಿರಸಿ, ಹೋಬಳಿಯೂ ಶಿರಸಿ, ಪೇಟೆಯೂ ಶಿರಸಿ. ಮೂರಕ್ಕೂ ಬೇರೆ ಬೇರೆ ನಂಬರ್ ಬೇಕು. ಪುಟದಲ್ಲಿ ತೋರಿಸುವಾಗ ‘ಶಿರಸಿ ತಾಲೂಕು’, ‘ಶಿರಸಿ ಹೋಬಳಿ’ ಎಂದು ಹಂತದ ಹೆಸರು ಸಮೇತ ಬರೆಯಿರಿ. ಇಲ್ಲದಿದ್ದರೆ ಮಾರಿಕಾಂಬಾ ಜಾತ್ರೆಯ ಕಥೆಯನ್ನು ಒಬ್ಬರು ತಾಲೂಕಿನಲ್ಲಿ ಬರೆಯುತ್ತಾರೆ, ಇನ್ನೊಬ್ಬರು ಪೇಟೆಯಲ್ಲಿ ಬರೆಯುತ್ತಾರೆ. ಒಬ್ಬರ ಮಾತು ಇನ್ನೊಬ್ಬರಿಗೆ ಕಾಣುವುದಿಲ್ಲ.

ಪುಟದ ವಿಳಾಸದಲ್ಲೂ ನಂಬರನ್ನೇ ನಂಬಿ. ‘412-ದಾಂಡೇಲಿ’ ಎಂದಿರಲಿ, ಆದರೆ ಆ್ಯಪ್ 412 ಮಾತ್ರ ಓದಲಿ. ಹೆಸರಿನ ಭಾಗ ಓದುವ ಮನುಷ್ಯರಿಗೆ. ನಾಳೆ ಹೆಸರು ತಿದ್ದಿದರೂ ವಾಟ್ಸಾಪಿನಲ್ಲಿ ಹಂಚಿದ ಹಳೆ ಲಿಂಕ್ ನಡೆಯುತ್ತದೆ.

ಹಾಗಾದರೆ ಹಳೆಯದು? ದಾಂಡೇಲಿ ಹಳಿಯಾಳದಲ್ಲಿತ್ತು ಎನ್ನುವುದೂ ನಿಮ್ಮಂಥ ಕೆಲಸಕ್ಕೆ ಬೇಕಾದ ಮಾಹಿತಿಯೇ ಅಲ್ವಾ? ಇಲ್ಲಿ ನಮ್ಮ ಜಿಲ್ಲೆಗಿಂತ ಒಳ್ಳೆ ಉದಾಹರಣೆ ಸಿಗುವುದು ಕಷ್ಟ. ಇಡೀ ಜಿಲ್ಲೆಯೇ ಕವಲು ಬದಲಿಸಿಕೊಂಡು ಬಂದಿದೆ. 1862ರಲ್ಲಿ ಮದ್ರಾಸ್ ಪ್ರಾಂತ್ಯ ಬಿಟ್ಟು ಮುಂಬೈ ಪ್ರಾಂತ್ಯಕ್ಕೆ ಸೇರಿತು. 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂತು. 1973ರಲ್ಲಿ ರಾಜ್ಯದ ಹೆಸರೇ ಕರ್ನಾಟಕ ಆಯಿತು, ಆಮೇಲೆ ಉತ್ತರ ಕೆನರಾ ಹೋಗಿ ಉತ್ತರ ಕನ್ನಡ ಬಂತು. ಇಷ್ಟೆಲ್ಲ ಆದರೂ ಅಂಕೋಲೆಯ ಯಾವ ಗದ್ದೆಯೂ ಒಂದು ಅಂಗುಲ ಕದಲಲಿಲ್ಲ.

ಅದಕ್ಕೇ ‘ಮೇಲಿನದು’ ಎನ್ನುವುದನ್ನು ಊರಿನ ಸಾಲಿನಿಂದ ತೆಗೆದು ಬೇರೆ ಟೇಬಲ್ಲಿಗೆ ಹಾಕಿದರೆ ಇನ್ನೂ ಒಳ್ಳೆಯದು. ಒಂದೊಂದು ಸಾಲಿನಲ್ಲಿ ನಾಲ್ಕು ಮನೆ: ಊರು, ಅದರ ಮೇಲಿನದು, ಯಾವಾಗಿನಿಂದ, ಯಾವಾಗಿನವರೆಗೆ. ಕೊನೆಯ ಮನೆ ಖಾಲಿ ಇದ್ದರೆ ಅದು ಈಗಿನ ಸಂಬಂಧ. ಹೀಗಿದ್ದರೆ ‘1950ರಲ್ಲಿ ಈ ಊರು ಯಾವ ತಾಲೂಕಿನಲ್ಲಿತ್ತು’ ಎಂದು ಮಕ್ಕಳು ಕೇಳಿದಾಗ ತೋರಿಸಬಹುದು. ಹೆಸರಿಗೂ ಇದೇ ಉಪಾಯ. ಜೋಯಿಡಾ ತಾಲೂಕಿಗೆ ಮೊದಲು ಸೂಪಾ ಎಂದಿತ್ತು, ಆ ಹೆಸರನ್ನು ಅಳಿಸಬೇಡಿ, ಹಳೆ ಹೆಸರುಗಳ ಪಟ್ಟಿಯಲ್ಲಿ ಇಡಿ.

ಬೇರೆ ಟೇಬಲ್ಲಿನಿಂದ ಇನ್ನೊಂದು ಲಾಭವೂ ಇದೆ. ಹೀಗೆ ಒಂದರ ಕೆಳಗೊಂದು ಕವಲೊಡೆಯುವ ಪಟ್ಟಿಗೆ ಮರ ಅನ್ನುತ್ತಾರೆ. ಒಂದು ಊರಿಗೆ ಒಂದೇ ಮರ ಅಂತೇನಿಲ್ಲ. ಕಂದಾಯದ ಲೆಕ್ಕದಲ್ಲಿ ನಮ್ಮದು ಒಂದೇ ಜಿಲ್ಲೆ. ಶಾಲೆಯ ಲೆಕ್ಕಕ್ಕೆ ಬಂದರೆ ಕಾರವಾರ, ಶಿರಸಿ ಎಂದು ಎರಡು ಶೈಕ್ಷಣಿಕ ಜಿಲ್ಲೆ, ಇದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಲೋಕಸಭೆಯ ಲೆಕ್ಕಕ್ಕೆ ಬಂದರೆ ಬೆಳಗಾವಿ ಜಿಲ್ಲೆಯ ಖಾನಾಪುರ, ಕಿತ್ತೂರುಗಳೂ ನಮ್ಮ ಕ್ಷೇತ್ರದೊಳಗೆ ಬರುತ್ತವೆ. ಯಾಣ ಕುಮಟಾ ತಾಲೂಕು, ಆದರೆ ಶಿರಸಿಯವರು ಅದನ್ನು ತಮ್ಮದು ಎಂದೇ ನೆಂಟರಿಗೆ ತೋರಿಸುತ್ತಾರೆ. ಸಂಬಂಧದ ಸಾಲಿಗೆ ‘ಯಾವ ಲೆಕ್ಕ’ ಎನ್ನುವ ಐದನೇ ಮನೆ ಸೇರಿಸಿದರೆ ಅದೇ ಊರುಗಳ ಮೇಲೆ ಎರಡು ಮೂರು ಮರ ನಿಲ್ಲಿಸಬಹುದು. ಈಗಲೇ ಮಾಡಿ ಅಂತಲ್ಲ. ಸದ್ಯ ಕಂದಾಯದ ಮರ ಒಂದೇ ಸಾಕು, ಬಾಗಿಲು ತೆರೆದಿರಲಿ ಅಷ್ಟೇ.

ಇನ್ನು, ಒಂದು ತಾಲೂಕಿನ ಕೆಳಗಿನ ಎಲ್ಲ ಊರುಗಳನ್ನು ಹೇಗೆ ಹುಡುಕುವುದು? ಇದಕ್ಕೆ ಒಂದು ಕಾಲದಲ್ಲಿ ಬಹಳ ಸರ್ಕಸ್ ಮಾಡುತ್ತಿದ್ದರು. ಈಗ ಡೇಟಾಬೇಸಿಗೇ ಈ ಬುದ್ಧಿ ಇದೆ, ಅದಕ್ಕೆ ರಿಕರ್ಸಿವ್ ಕ್ವೆರಿ ಅನ್ನುತ್ತಾರೆ. ‘7ರ ಮಕ್ಕಳನ್ನು ಕೊಡು, ಆ ಮಕ್ಕಳ ಮಕ್ಕಳನ್ನು ಕೊಡು, ಮುಗಿಯುವವರೆಗೆ ಕೊಡುತ್ತಾ ಹೋಗು’ ಎನ್ನುವುದು ಅದರ ಅರ್ಥ. 1999ರ ಎಸ್‌ಕ್ಯೂಎಲ್ ಎಂಬ ಡೇಟಾಬೇಸ್ ಭಾಷೆಯ ಮಾನದಂಡದಲ್ಲೇ ಇದು ಬಂದಿತ್ತು. ಡೇಟಾಬೇಸ್ ತಂತ್ರಾಂಶಗಳ ಪೈಕಿ ಪೋಸ್ಟ್‌ಗ್ರೆಸ್‌ನಲ್ಲಿ 2009ರಿಂದ, ಎಸ್‌ಕ್ಯೂಲೈಟ್‌ನಲ್ಲಿ 2014ರಿಂದ, ಮೈಎಸ್‌ಕ್ಯೂಎಲ್‌ನಲ್ಲಿ 2018ರ 8.0 ಆವೃತ್ತಿಯಿಂದ ಇದೆ. ಅಂತರ್ಜಾಲದ ಹಳೆ ಪಾಠಗಳಲ್ಲಿ ಎಡ ನಂಬರ್, ಬಲ ನಂಬರ್ ಕೊಡುವ ನೆಸ್ಟೆಡ್ ಸೆಟ್ ವಿಧಾನ ಸಿಗುತ್ತದೆ. ಓದಲು ಚೆಂದ. ಆದರೆ ನಡುವೆ ಒಂದು ಕೇರಿ ಸೇರಿಸಿದರೆ ಅದರಿಂದ ಮುಂದಿನ ಎಲ್ಲದರ ನಂಬರ್ ತಿದ್ದಬೇಕು. ದಿನಾ ಮಕ್ಕಳು ಹೊಸ ಕೇರಿ ಸೇರಿಸುವ ನಿಮ್ಮ ಕೆಲಸಕ್ಕೆ ಅದು ಬೇಡ.

6,400 ಊರು, ಐದು ಹಂತ. ಇದು ಡೇಟಾಬೇಸಿಗೆ ಏನೇನೂ ಅಲ್ಲ. ಮುಂದೆ ನಿಧಾನ ಅನಿಸಿದರೆ ಪ್ರತಿ ಊರಿಗೂ ಅದರ ಹಿರಿಯರೆಲ್ಲರನ್ನೂ, ಅಂದರೆ ಮೇಲಿನ ಎಲ್ಲ ಹಂತಗಳನ್ನೂ, ಮೊದಲೇ ಬರೆದಿಡುವ ಟೇಬಲ್ ಇನ್ನೊಂದು ಮಾಡಬಹುದು. ಕ್ಲೋಜರ್ ಟೇಬಲ್ ಅಂತ ಅದರ ಹೆಸರು. ಒಂದು ಕೇರಿಗೆ ತಾನೂ ಸೇರಿ ಐದು ಸಾಲು, ಹಾಗಾಗಿ ಹೆಚ್ಚೆಂದರೆ 32,000 ಸಾಲು. ಅದೂ ಸಣ್ಣದೇ.

ಒಂದು ಎಚ್ಚರ ಮಾತ್ರ ತಪ್ಪಿಸಬೇಡಿ. ಜಾಗ ಬದಲಿಸುವಾಗ ಯಾರೋ ಕೈತಪ್ಪಿ ತಾಲೂಕನ್ನು ತನ್ನದೇ ಹೋಬಳಿಯ ಕೆಳಗೆ ಹಾಕಿಬಿಡುತ್ತಾರೆ. ಆಗ ಕ್ವೆರಿ ಸುತ್ತುತ್ತಲೇ ಇರುತ್ತದೆ, ಮಂಜಿನಲ್ಲಿ ದಾರಿ ತಪ್ಪಿ ಮತ್ತೆ ಮತ್ತೆ ಅದೇ ತಿರುವಿಗೆ ಬಂದ ಹಾಗೆ. ಬದಲಿಸುವ ಮೊದಲೇ ‘ಹೊಸ ಮೇಲಿನದು ಇದರದ್ದೇ ಕೆಳಗಿಲ್ಲ ತಾನೆ’ ಎಂದು ಕೋಡ್ ಪರೀಕ್ಷಿಸಬೇಕು. ಎರಡು ಸಾಲಿನ ಕೆಲಸ.

ಈಗ ಅರ್ಧ ನಿಮಿಷದ ವಿಷಯ. ತೊಂದರೆ ಡೇಟಾಬೇಸಿನಲ್ಲಿ ಇರಲಿಕ್ಕಿಲ್ಲ. ಹುಡುಗ ಎಲ್ಲ 6,400 ಹೆಸರನ್ನೂ ಮಾತಿನ ಸಮೇತ ಒಂದೇ ಸಲ ಫೋನಿಗೆ ಕಳಿಸುತ್ತಿರಬೇಕು. ಊರಿನ ಹೆಸರು ನೋಡಲು ಬಂದವರಿಗೆ ಮೊದಲು ಬೇಕಾಗಿರುವುದು 12 ತಾಲೂಕಿನ ಹೆಸರು, ಅಷ್ಟೇ. ಶಿರಸಿಯನ್ನು ಒತ್ತಿದಾಗ ಅದರ ಹೋಬಳಿಗಳು ಬರಲಿ, ಹುಲೇಕಲ್ ಒತ್ತಿದಾಗ ಅದರ ಗ್ರಾಮಗಳು ಬರಲಿ. ಒತ್ತಿದ್ದಕ್ಕೆ ಮಾತ್ರ ಸರ್ವರಿಗೆ ಹೋಗಿ ತಂದರೆ ಸಾಕು. ಹೆಸರಿನ ಪಕ್ಕ ಎರಡು ಸಣ್ಣ ಅಂಕಿ ಇರಲಿ: ಒಳಗೆ ಎಷ್ಟು ಊರಿದೆ, ಎಷ್ಟು ಮಾತಿದೆ. ಒಳಗೆ ಏನೂ ಇಲ್ಲದ ಊರಿನ ಮುಂದೆ ಬಾಣದ ಗುರುತು ಇಡಬೇಡಿ, ಜನ ಒತ್ತಿ ಒತ್ತಿ ಬೇಸರ ಪಡುತ್ತಾರೆ.

ಪರೀಕ್ಷೆಯನ್ನು ಕಾರವಾರದ ಪೇಟೆಯಲ್ಲಿ ಕೂತು ಮಾಡಬೇಡಿ. ಮಳೆಗಾಲದಲ್ಲಿ ದೇವಿಮನೆ ಘಟ್ಟದ ಆಸುಪಾಸಿನ ಯಾವುದಾದರೂ ಮನೆಯ ಜಗಲಿಯಲ್ಲಿ ಕೂತು ಮಾಡಿ. ಟವರ್ ಒಂದು ಕಡ್ಡಿ ಬಂದು ಹೋಗುವ ಜಾಗ. ಅಲ್ಲಿ ತೆರೆದುಕೊಂಡರೆ ಎಲ್ಲ ಕಡೆಯೂ ತೆರೆದುಕೊಳ್ಳುತ್ತದೆ. ಒತ್ತಿದ ಕೂಡಲೇ ಏನೂ ಆಗದಿದ್ದರೆ ಜನ ಇನ್ನೆರಡು ಸಲ ಒತ್ತುತ್ತಾರೆ, ಹಾಗಾಗಿ ‘ತರುತ್ತಿದ್ದೇವೆ’ ಎನ್ನುವ ಒಂದು ಪದ ತಕ್ಷಣ ಕಾಣಬೇಕು.

ಮರವನ್ನು ಚಿತ್ರವಾಗಿ ಬಿಡಿಸಬೇಕೆ ಎಂದು ನೀವು ಕೇಳಿಲ್ಲ. ಆದರೆ ನಿಮ್ಮ ಹುಡುಗನಿಗೆ ಆ ಆಸೆ ಬಂದೇ ಬರುತ್ತದೆ, ಬರೆದಿಟ್ಟುಕೊಳ್ಳಿ. ಕೊಂಬೆ ಒಂದರ ಮೇಲೊಂದು ಬೀಳದಂತೆ ಮರ ಬಿಡಿಸುವ ಲೆಕ್ಕವನ್ನು ರೈನ್‌ಗೋಲ್ಡ್ ಮತ್ತು ಟಿಲ್ಫರ್ಡ್ ಎಂಬಿಬ್ಬರು 1981ರಲ್ಲೇ ಕೊಟ್ಟಿದ್ದಾರೆ. ಡಿ3 ಎನ್ನುವ ಜಾವಾಸ್ಕ್ರಿಪ್ಟ್ ಲೈಬ್ರರಿಯಲ್ಲಿ ಅದು ಸಿದ್ಧವಾಗಿಯೇ ಸಿಗುತ್ತದೆ. ಮೂವತ್ತು ನಲವತ್ತು ಹೆಸರಿನ ಮರಕ್ಕೆ ಬಹಳ ಚೆಂದ. ಆದರೆ ಸಾವಿರ ಗ್ರಾಮವನ್ನು ಒಂದರ ಕೆಳಗೊಂದು, ಒಂದಕ್ಕೆ 20 ಪಿಕ್ಸೆಲ್ ಕೊಟ್ಟು ನಿಲ್ಲಿಸಿದರೆ 20,000 ಪಿಕ್ಸೆಲ್ ಎತ್ತರದ ಚಿತ್ರ ಆಗುತ್ತದೆ. ಅದನ್ನು ಬೆರಳಲ್ಲಿ ಎಳೆದು ಎಳೆದು ಹುಡುಕುವವರು ಯಾರು? ಒಂದು ಹೋಬಳಿಯ ಚಿತ್ರ ಮಾಡಿ, ಮುದ್ರಿಸಿ, ಶಾಲೆಯ ಗೋಡೆಗೆ ಹಚ್ಚಿ. ಆ್ಯಪಿನಲ್ಲಿ ಸಾದಾ ಪಟ್ಟಿಯೇ ಗೆಲ್ಲುತ್ತದೆ.

ಪಟ್ಟಿಯಲ್ಲಿ ಪ್ರತಿ ಹಂತವನ್ನು ಸ್ವಲ್ಪ ಒಳಗೆ ಸರಿಸುತ್ತೀರಿ ಅಲ್ವಾ, ಅಲ್ಲೂ ಲೆಕ್ಕ ನೋಡಿ. 360 ಪಿಕ್ಸೆಲ್ ಅಗಲದ ಫೋನಿನಲ್ಲಿ ಹಂತಕ್ಕೆ 30 ಪಿಕ್ಸೆಲ್ ಸರಿಸಿದರೆ, ನಾಲ್ಕು ಸಲ ಸರಿದು ಕೇರಿಗೆ ಬರುವಷ್ಟರಲ್ಲಿ ಮೂರನೇ ಒಂದು ಭಾಗ ಖಾಲಿ. ಕನ್ನಡದ ಹೆಸರುಗಳೋ, ಉದ್ದ. ಹಂತಕ್ಕೆ 12 ಸಾಕು, ಜೊತೆಗೆ ತೆಳುವಾದ ಒಂದು ಗೆರೆ. ಕೇರಿಯ ಪುಟದ ನೆತ್ತಿಯಲ್ಲಿ ‘ಉತ್ತರ ಕನ್ನಡ › ಶಿರಸಿ › ಹುಲೇಕಲ್’ ಎಂದು ದಾರಿ ಬರೆದು ಪ್ರತಿಯೊಂದನ್ನೂ ಒತ್ತುವಂತೆ ಮಾಡಿ.

ಕಣ್ಣು ಕಾಣದವರೂ ಓದುತ್ತಾರೆ ಎನ್ನುವುದನ್ನು ಮರೆಯಬೇಡಿ. ಅವರಿಗೆ ಪುಟವನ್ನು ಫೋನೇ ಓದಿ ಹೇಳುತ್ತದೆ. ಪಟ್ಟಿಯೊಳಗೆ ಪಟ್ಟಿ, ತೆರೆಯಲು ನಿಜವಾದ ಬಟನ್, ತೆರೆದಿದೆಯೋ ಮುಚ್ಚಿದೆಯೋ ಎಂದು ಹೇಳುವ ಗುರುತು, ಇಷ್ಟಿದ್ದರೆ ಸಾಕು. ಓದಿ ಹೇಳುವ ಫೋನಿಗೆ ‘ಇದು ಮರ’ ಎಂದು ತಿಳಿಸುವ ‘ಟ್ರೀ’ ಎಂಬ ವಿಶೇಷ ಗುರುತನ್ನು ಕೋಡಿನಲ್ಲಿ ಹಾಕಲು ಹೋದರೆ ಬಾಣದ ಕೀಲಿಗಳಿಂದ ಮೇಲೆ ಕೆಳಗೆ ಓಡಾಡುವುದನ್ನೂ ನೀವೇ ಪೂರ್ತಿ ಬರೆಯಬೇಕಾಗುತ್ತದೆ. ಅರ್ಧ ಮಾಡುವುದಕ್ಕಿಂತ ಹಾಕದಿರುವುದೇ ಮೇಲು.

ಮೂರನೇ ಪ್ರಶ್ನೆ ನನಗೆ ಹೆಚ್ಚು ಇಷ್ಟವಾದದ್ದು. ನಿಮ್ಮಲ್ಲಿ ಇರುವುದು ಒಂದು ಮರ ಅಲ್ಲ, ಎರಡು. ಊರಿನ ಮರ ಒಂದು. ಮಾತಿಗೆ ಉತ್ತರ, ಉತ್ತರಕ್ಕೆ ಮರು ಉತ್ತರ, ಹೀಗೆ ಬೆಳೆಯುವ ಮಾತಿನ ಮರ ಇನ್ನೊಂದು. ಎರಡರ ಸ್ವಭಾವವೂ ಬೇರೆ. ಊರಿನ ಮರ ಅಗಲ, ಆಳ ಕಡಿಮೆ. ಮಾತಿನ ಮರಕ್ಕೆ ಆಳದ ಮಿತಿಯೇ ಇಲ್ಲ. ಇಬ್ಬರು ಹಟಕ್ಕೆ ಬಿದ್ದರೆ ಹದಿನೈದು ಹಂತ ಒಳಗೆ ಹೋಗಿ ಕೊನೆಗೆ ಸಾಲಿಗೆ ಒಂದೊಂದೇ ಅಕ್ಷರ ಉಳಿಯುತ್ತದೆ.

ಅದಕ್ಕೆ ಮಾತನ್ನು ಎರಡು ಹಂತಕ್ಕೆ ನಿಲ್ಲಿಸಿ. ಮೊದಲ ಮಾತು, ಅದರ ಕೆಳಗೆ ಉತ್ತರಗಳು ಬರೆದ ಹೊತ್ತಿನ ಸಾಲಿನಲ್ಲಿ. ಯಾರು ಯಾರಿಗೆ ಉತ್ತರಿಸಿದರು ಎನ್ನುವುದನ್ನು ಡೇಟಾಬೇಸಿನಲ್ಲಿ ಪೂರ್ತಿ ಇಟ್ಟುಕೊಳ್ಳಿ, ತೋರಿಸುವಾಗ ಮಾತ್ರ ‘ಇಂಥವರಿಗೆ ಉತ್ತರ’ ಎಂದು ಮೇಲೆ ಸಣ್ಣದಾಗಿ ಬರೆಯಿರಿ. ನಮ್ಮ ಜಗಲಿಯ ಮಾತುಕತೆ ನಡೆಯುವುದೂ ಹೀಗೇ ಅಲ್ವಾ? ಒಬ್ಬರು ವಿಷಯ ಎತ್ತುತ್ತಾರೆ, ಉಳಿದವರು ಒಬ್ಬರಾದ ಮೇಲೆ ಒಬ್ಬರು ಸೇರಿಸುತ್ತಾರೆ. ಯಾರಾದರೂ ತಮ್ಮ ಮಾತು ಅಳಿಸಿದರೆ ಅದರ ಕೆಳಗಿನ ಉತ್ತರಗಳನ್ನೂ ಅಳಿಸಬೇಡಿ. ‘ಈ ಮಾತನ್ನು ಬರೆದವರೇ ತೆಗೆದಿದ್ದಾರೆ’ ಎಂದು ಜಾಗ ಉಳಿಸಿ.

ಇನ್ನು ಕೇರಿಯ ಮಾತು ತಾಲೂಕಿನವರೆಗೆ ಏರುವ ಬಗೆ. ಎಲ್ಲವನ್ನೂ ಏರಿಸಿದರೆ ಜಿಲ್ಲೆಯ ಪುಟ ಸಂತೆಯಾಗುತ್ತದೆ. ನಾನು ಹೀಗೆ ಮಾಡುತ್ತೇನೆ: ಗ್ರಾಮದ ಪುಟದಲ್ಲಿ ಅದರ ಎಲ್ಲ ಕೇರಿಗಳ ಮಾತೂ ಪೂರ್ತಿ ಕಾಣಲಿ, ಪ್ರತಿ ಮಾತಿನ ತಲೆಯಲ್ಲಿ ಕೇರಿಯ ಹೆಸರು ಇರಲಿ. ಹೋಬಳಿ ಮತ್ತು ತಾಲೂಕಿನ ಪುಟದಲ್ಲಿ ‘ಒಳಗಿನ ಊರುಗಳಲ್ಲಿ ಈಗ ನಡೆಯುತ್ತಿರುವ ಮಾತು’ ಎಂದು ಐದಾರು ಮಾತ್ರ, ಮೊದಲ ಎರಡು ಸಾಲಿನಷ್ಟು. ಜಿಲ್ಲೆಯ ಪುಟದಲ್ಲಿ ಅಂಕಿ ಸಾಕು.

ಆ ಅಂಕಿಯನ್ನು ಪ್ರತಿ ಸಲ ಎಣಿಸಬೇಕಿಲ್ಲ. ಒಂದು ಮಾತು ಬಂದಾಗ ಆ ಕೇರಿ ಮತ್ತು ಅದರ ಮೇಲಿನ ನಾಲ್ಕರ ಅಂಕಿಗೆ ಒಂದೊಂದು ಕೂಡಿದರೆ ಆಯಿತು, ಒಟ್ಟು ಐದು ಸಾಲಿನ ತಿದ್ದುಪಡಿ. ಊರು ಜಾಗ ಬದಲಿಸಿದಾಗ ಹಳೆ ಹಿರಿಯರಿಂದ ಅದರ ಮೊತ್ತ ಕಳೆದು ಹೊಸ ಹಿರಿಯರಿಗೆ ಕೂಡಬೇಕು. ದಾಂಡೇಲಿಯಲ್ಲಿ 38 ಮಾತಿದ್ದರೆ ಹಳಿಯಾಳದಿಂದ 38 ಇಳಿದು ದಾಂಡೇಲಿ ತಾಲೂಕಿಗೆ 38 ಏರಬೇಕು. ಜಿಲ್ಲೆಯ ಅಂಕಿ ಮಾತ್ರ ಇದ್ದ ಹಾಗೇ ಇರಬೇಕು. ಸರಿಯಾಗಿದೆಯೋ ಎಂದು ನೋಡಲು ಇದಕ್ಕಿಂತ ಸುಲಭ ಪರೀಕ್ಷೆ ಇಲ್ಲ.

ಜನ ತಪ್ಪು ಜಾಗದಲ್ಲಿ ಬರೆಯುವುದಂತೂ ಇದ್ದದ್ದೇ. ಒಂದು ಕೇರಿಯ ಬಾವಿಯ ಕಥೆಯನ್ನು ತಾಲೂಕಿನ ಪುಟದಲ್ಲಿ ಬರೆಯುತ್ತಾರೆ. ಮಾತನ್ನು ಉತ್ತರ ಸಮೇತ ಇನ್ನೊಂದು ಊರಿಗೆ ಸರಿಸುವ ಒಂದು ಬಟನ್ ನಿಮಗೆ ಬೇಕು. ಅದು ಎಲ್ಲರ ಕೈಗೆ ಬೇಡ, ನಿಮ್ಮ ಮತ್ತು ಇಬ್ಬರು ನಂಬಿಕಸ್ಥರ ಕೈಗೆ ಸಾಕು.

ಕನ್ನಡಕ್ಕೇ ಅಂಟಿದ ಒಂದು ಕಿರಿಕಿರಿ ಹೇಳಿಬಿಡುತ್ತೇನೆ. ಒಬ್ಬರು ‘ಶಿರಸಿ’ ಎಂದು ಹುಡುಕುತ್ತಾರೆ, ಒಬ್ಬರು ‘ಸಿರಸಿ’, ಮತ್ತೊಬ್ಬರು ‘ಸಿರ್ಸಿ’. ಎಲ್ಲವೂ ಒಂದೇ ನಂಬರಿಗೆ ಹೋಗಬೇಕು, ಹಾಗಾಗಿ ಊರಿಗೆ ಎಷ್ಟು ರೂಢಿಯ ಹೆಸರಿದ್ದರೂ ಬರೆದುಕೊಳ್ಳಿ, ಕೊಂಕಣಿಯಲ್ಲಿ ಕರೆಯುವುದನ್ನೂ ಸೇರಿಸಿ. ಇದಕ್ಕಿಂತ ಕಳ್ಳ ತೊಂದರೆ ಇನ್ನೊಂದಿದೆ, ಅದು ಕಣ್ಣಿಗೆ ಕಾಣುವುದೇ ಇಲ್ಲ. ‘ಜೋ’ ಎನ್ನುವುದರ ಓತ್ವವನ್ನು ಯೂನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ ಇಡಬಹುದು, ಎರಡು ಮೂರು ತುಂಡಾಗಿಯೂ ಇಡಬಹುದು. ನೋಡಲು ಎರಡೂ ‘ಜೋಯಿಡಾ’, ಕಂಪ್ಯೂಟರಿಗೆ ಮಾತ್ರ ಬೇರೆ ಬೇರೆ ಪದ. ಎಲ್ಲಿಂದಲೋ ನಕಲಿಸಿ ತಂದ ಹೆಸರಿನಲ್ಲಿ ಕಾಣದ ಜೋಡಕ ಅಕ್ಷರವೂ ಅಡಗಿರುತ್ತದೆ. ಉಳಿಸುವ ಮೊದಲು ಮತ್ತು ಹುಡುಕುವ ಮೊದಲು ಎರಡೂ ಕಡೆ, ತುಂಡುಗಳನ್ನು ಒಂದೇ ಸಂಕೇತವಾಗಿ ಕೂಡಿಸುವ ಎನ್‌ಎಫ್‌ಸಿ ಎಂಬ ರೂಪಕ್ಕೆ ತರಲು ಹುಡುಗನಿಗೆ ಹೇಳಿ. ಹುಡುಕುವಾಗ ಆ ಕಾಣದ ಅಕ್ಷರಗಳನ್ನು ಕಡೆಗಣಿಸಬೇಕು. ಒಂದೇ ಹೆಸರಿನ ಊರು ಹತ್ತಾರು ಇರುತ್ತವೆ. ಹುಡುಕಿದಾಗ ‘ಹೊಸೂರು’ ಎಂದಷ್ಟೇ ತೋರಿಸದೆ ಪಕ್ಕದಲ್ಲಿ ತಾಲೂಕನ್ನೂ ತೋರಿಸಿ.

ಕೊನೆಯದಾಗಿ ಸೂಪಾ. ಕಾಳಿ ನದಿಗೆ ಅಣೆಕಟ್ಟು ಕಟ್ಟಿದಾಗ ಹಳೆ ಸೂಪಾ ಪೇಟೆ ನೀರಿನಡಿಗೆ ಹೋಯಿತು. ಅಲ್ಲಿಂದ ಎದ್ದವರಲ್ಲಿ ಸುಮಾರು ಜನ ಜೋಯಿಡಾ ತಾಲೂಕಿನ ರಾಮನಗರದಲ್ಲಿ ನೆಲೆಸಿದರು. ನಿಮ್ಮ ಕಡೆ ಅರ್ಗಾದಂಥ ಊರುಗಳ ಜನ ಸೀಬರ್ಡ್ ನೌಕಾನೆಲೆ ಬಂದಾಗ ಎದ್ದದ್ದನ್ನು ನೀವೇ ನೋಡಿದ್ದೀರಿ. ಇಂಥ ಊರನ್ನು ಪಟ್ಟಿಯಿಂದ ಅಳಿಸುವ ಬಟನ್ ಆ್ಯಪಿನಲ್ಲಿ ಇರಲೇಬಾರದು. ‘ಈಗಿಲ್ಲ’ ಎಂಬ ಗುರುತು ಹಾಕಿ, ಯಾವಾಗಿನವರೆಗೆ ಎನ್ನುವ ಮನೆ ತುಂಬಿ, ‘ಇಲ್ಲಿನವರು ಹೋದದ್ದು’ ಎಂದು ಹೊಸ ಊರಿಗೆ ಒಂದು ಕೊಂಡಿ ಕೊಡಿ. ಅದು ಮರದ ಕೊಂಬೆ ಅಲ್ಲ, ಕೊಂಬೆಯಿಂದ ಕೊಂಬೆಗೆ ಕಟ್ಟಿದ ಹಗ್ಗ. ಬೇರೆ ಟೇಬಲ್ಲಿನಲ್ಲಿ ಎರಡು ನಂಬರ್ ಇದ್ದರೆ ಮುಗಿಯಿತು. ಮಾತು ಬರೆಯುವ ಜಾಗವನ್ನಂತೂ ಮುಚ್ಚಬೇಡಿ. ನನ್ನ ಅಂದಾಜಿನಲ್ಲಿ ಅತಿ ಹೆಚ್ಚು ಮಾತು ಬರುವುದು ಅಲ್ಲೇ.

ಸೂಪಾದ ಪುಟ ಆದ ಮೇಲೆ ಲಿಂಕ್ ಕಳಿಸಿ. ನಮ್ಮ ಓಣಿಯಲ್ಲಿ ಅಲ್ಲಿಂದ ಬಂದ ಒಬ್ಬ ಅಜ್ಜಿ ಇದ್ದಾರೆ. ಪೇಟೆಯಲ್ಲಿ ಯಾವ ಅಂಗಡಿಯ ಪಕ್ಕ ಯಾವ ಅಂಗಡಿ ಇತ್ತು ಎಂದು ಈಗಲೂ ಸಾಲಾಗಿ ಹೇಳುತ್ತಾರೆ. ಅವರು ಹೇಳಿದ್ದನ್ನು ನಾನು ಟೈಪ್ ಮಾಡಿ ಹಾಕುತ್ತೇನೆ.